ಕೊನೆಯ ಗೇಟಿನ ಸೋರಿಕೆ

ಮೊನ್ನೆ ಬೆಳಿಗ್ಗೆ ಧಾರವಾಡದ ನಮ್ಮ ಮನೆಯ ನಳದಲ್ಲಿ ಕೆಂಪು ನೀರು ಬಂತು. ಮೇಲೆಲ್ಲೋ ಮಳೆಯಾಗಿ ಹೊಳೆಗೆ ಹೊಸ ನೀರು ಸೇರಿರಬೇಕು. ಹೆಂಡತಿ ನಳದ ಬಾಯಿಗೆ ಹಳೆಯ ಧೋತರದ ತುಂಡು ಕಟ್ಟಿ, ಕಾಸದೆ ಕುಡಿಯಬೇಡಿ ಎಂದು ಹೇಳಿ ಒಳಗೆ ಹೋದಳು. ನಾನು ಬಕೀಟಿನ ಮೇಲೆ ಬಾಗಿ ಅದರ ವಾಸನೆ ನೋಡಿದೆ. ಹಸಿ ಮಣ್ಣು, ಕೊಳೆತ ಎಲೆ, ಎಲ್ಲೋ ಅಡಿಯಲ್ಲಿ ತುಸು ಮೀನು. ಬಹಳ ಹೊತ್ತು ಹಾಗೇ ನಿಂತುಬಿಟ್ಟೆ. ನೌಕರಿಯಲ್ಲಿದ್ದಾಗ ಎಷ್ಟೋ ಊರಿನ ಜನಕ್ಕೆ ನೀರು ಕೊಟ್ಟಿದ್ದೇನೆ. ಆದರೆ ಹೊಸ ನೀರಿನ ವಾಸನೆ ಮೂಗಿಗೆ ಬಡಿದರೆ ನೆನಪಾಗುವುದು ಒಂದೇ ಊರು, ಒಂದೇ ಬೇಸಿಗೆ.

ಆಗ ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಕೆಲವೇ ವರ್ಷಗಳಾಗಿದ್ದವು. ನನ್ನನ್ನು ರಬಕವಿ-ಬನಹಟ್ಟಿಯ ಕುಡಿಯುವ ನೀರಿನ ಕೆಲಸಕ್ಕೆ ಶಾಖಾ ಎಂಜಿನಿಯರನಾಗಿ ಹಾಕಿದರು. ಇನ್ನೂ ಮದುವೆಯಾಗಿರಲಿಲ್ಲ. ಬನಹಟ್ಟಿಯಲ್ಲಿ ಮಗ್ಗಗಳ ಓಣಿಯೊಂದರಲ್ಲಿ ಖೋಲಿ ಹಿಡಿದೆ. ಮೊದಮೊದಲು ಪವರ್‌ಲೂಮುಗಳ ಖಟಪಟ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಕರೆಂಟು ಹೋಗಿ ಸದ್ದು ನಿಂತರೆ ಎಚ್ಚರವಾಗತೊಡಗಿತು. ಎದುರು ಮನೆಯ ನೀಲವ್ವ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಮನೆ ನಡೆಸುತ್ತಿದ್ದ ಹೆಂಗಸು. "ಒಬ್ಬಾವ ಏನು ಕುದಿಸಿಕೊಂಡು ತಿಂತೀರಿ" ಎಂದು ಆಗೀಗ ಬಿಸಿ ರೊಟ್ಟಿ, ಪುಂಡಿಪಲ್ಲೆ ತಂದಿಟ್ಟು ಹೋಗುತ್ತಿದ್ದಳು.

ನನ್ನ ಕೆಲಸವಿದ್ದದ್ದು ಊರಿನಿಂದ ತುಸು ದೂರ, ಕೃಷ್ಣೆಯ ದಂಡೆಯ ಮೇಲೆ. ಊರಿಗೆ ನೀರು ನಿಲ್ಲಿಸಲೆಂದೇ ಕಟ್ಟಿದ ಚಿಕ್ಕ ಬ್ಯಾರೇಜೊಂದು ಅಲ್ಲಿತ್ತು. ಕಲ್ಲಿನ ಕಂಬಗಳು, ಕಂಬಗಳ ನಡುವೆ ಗೇಟುಗಳು. ಗೇಟೆಂದರೆ ಒಂದರ ಮೇಲೊಂದು ಇಳಿಸಿ ಕೂರಿಸಿದ ಹಲಗೆಗಳು. ಮಳೆಗಾಲ ಮುಗಿದು ಹೊಳೆ ಇಳಿಯುವಾಗ ಹಲಗೆ ಇಳಿಸಿ ನೀರು ನಿಲ್ಲಿಸಬೇಕು, ಮತ್ತೆ ದೊಡ್ಡ ನೀರು ಬರುವ ಮುಂಚೆ ಎತ್ತಬೇಕು. ನಿಂತ ನೀರನ್ನು ದಂಡೆಯ ಬಾವಿಗೆ ತಂದು, ಪಂಪಿನಿಂದ ಎತ್ತಿ ಊರಿಗೆ ಕಳಿಸುತ್ತಿದ್ದೆವು. ಹಲಗೆಗಳ ಸಂದಿಯಲ್ಲಿ ನೀರು ಸೋರುತ್ತದೆ. ಅದನ್ನು ಸೋರದ ಹಾಗೆ ಮಾಡುವುದೇ ಬೇಸಿಗೆಯಲ್ಲಿ ನಮ್ಮ ದೊಡ್ಡ ಕೆಲಸ. ಗೇಟು ಕಾಯುವ ಭೀಮಪ್ಪ ಎದೆಮಟ್ಟ ನೀರಿನಲ್ಲಿಳಿದು ಜಿಗುಟು ಮಣ್ಣನ್ನೂ ಹರಕು ಗೋಣಿಚೀಲವನ್ನೂ ಸಂದಿಗೆ ತುರುಕುತ್ತಿದ್ದ. ಅವನದು ಕುರಿ ಸಾಕುವ ಮನೆತನ. ಮಾತಿಗೊಮ್ಮೆ ಬೀರಪ್ಪ ದೇವರ ಆಣೆ ಹಾಕುತ್ತಿದ್ದ. ಒಂದು ಗೇಟು ಮುಗಿಸಿ ಮೇಲೆ ಬಂದಾಗ ಅವನ ಗಡ್ಡದಿಂದ ಕೆಸರು ಸುರಿಯುತ್ತಿತ್ತು.

ಚಳಿ ಹಿಂದೆ ಸರಿಯುತ್ತಿದ್ದ ದಿನಗಳಲ್ಲಿ, ಸೋರಿಕೆ ಮುಚ್ಚಲು ಇನ್ನು ಕೊನೆಯ ಗೇಟೊಂದೇ ಉಳಿದಿದೆ ಎನ್ನುವಾಗ, ಸುಮಂಗಲಾ ಮೇಡಂ ಬಂದರು. ಬನಹಟ್ಟಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ನಮ್ಮ ಹಿಂದಿನ ಓಣಿಯಲ್ಲೇ ತಾಯಿಯ ಜೊತೆ ಇದ್ದರು. ಮುಖ ಪರಿಚಯವಿತ್ತು, ಮಾತಾಡಿರಲಿಲ್ಲ.

"ಸರ್, ಇದೊಂದು ಗೇಟ್ ಸೋರಾಕ ಬಿಡ್ರಿ" ಎಂದರು.

ನಾನು ನಕ್ಕುಬಿಟ್ಟೆ. "ಸೋರೂದು ನಿಲ್ಲಸಾಕನ ನನಗ ಪಗಾರ ಕೊಡ್ತಾರ್ರಿ ಮೇಡಂ."

ಅವರು ನಗಲಿಲ್ಲ. ನನ್ನನ್ನು ಬ್ಯಾರೇಜಿನ ಕೆಳಬದಿಗೆ ಕರೆದುಕೊಂಡು ಹೋದರು. ಅಲ್ಲಿ ಬಂಡೆಗಳ ನಡುವೆ ಒಂದು ಮಡು ಇತ್ತು. ಕೊನೆಯ ಗೇಟಿನಿಂದ ಸೋರಿದ ನೀರು ಕಲ್ಲುಗಳ ಮೇಲೆ ಹಾಯ್ದು ಅದರೊಳಗೆ ಬೀಳುತ್ತಿತ್ತು. ನೀರು ಬೀಳುವ ಕಡೆಗೇ ಮುಖ ಮಾಡಿ ಅಡಿಯಲ್ಲಿ ಕೆಲವು ಮೀನುಗಳು ನಿಂತಿದ್ದವು. ಮಾಸಲು ಹಸಿರು ಬೆನ್ನು, ಮೊಳದುದ್ದ ಮೈ. ಮೂಗಿನ ಮೇಲೆ ಅಡ್ಡಲಾಗಿ ಕತ್ತಿಯಿಂದ ಕೊಯ್ದ ಹಾಗೆ ಆಳವಾದ ಗೆರೆ, ಅದರ ಮುಂದೆ ಉಬ್ಬಿದ ಒಂದು ಗಂಟು. ಅಲ್ಲಿಯ ಅಂಬಿಗರು ಅದನ್ನು ನಕಟಾ ಎನ್ನುತ್ತಿದ್ದರು, ಮೂಗು ಕೊಯ್ಸಿಕೊಂಡದ್ದು ಎಂದು.

"ಕೃಷ್ಣಾ ಮತ್ತ ಇನ್ನೊಂದೆರಡು ಹೊಳಿ ಬಿಟ್ರ ಜಗತ್ತಿನ್ಯಾಗ ಎಲ್ಲೂ ಇಲ್ರಿ ಇದು" ಎಂದರು ಸುಮಂಗಲಾ. "ಕೆಳಗ ಬೀಳಗಿ ಕಡೆ ಹಿನ್ನೀರು ನಿಂತಾವ. ನಿಂತ ನೀರಾಗ ಇವು ಬಾಳೂದಿಲ್ಲ. ಕಲ್ಲಿರಬೇಕು, ನೀರು ಹರೀತಿರಬೇಕು. ಅದಕ್ಕ ಮ್ಯಾಲ ಬಂದಾವ. ಮ್ಯಾಲ ನಿಮ್ಮ ಗೇಟ್ ಐತಿ. ಮಿರಗದ ಮಳಿಯ ಹೊಸಾ ನೀರು ಬರೂತನಕ ಈ ಮಡುದಾಗ ಜೀವ ಹಿಡಕೊಂಡು ಇರಬೇಕು. ಆಮ್ಯಾಲ ಮ್ಯಾಲೇರಿ ಮೊಟ್ಟಿ ಇಡ್ತಾವ."

"ಎಷ್ಟಿದ್ದಾವು?"

"ಯಾರಿಗಿ ಗೊತ್ರಿ ಸರ್. ಎಲ್ಲಾ ಕೂಡಿದ್ರೂ ಒಂದು ಊಟದ ಪಂಕ್ತಿಗಿ ಸಾಲೂದಿಲ್ಲ."

ಆ ಹೊತ್ತಿಗೆ ನಮ್ಮ ಸಂಗ್ರಹದಲ್ಲಿ ನೀರು ತಕ್ಕಮಟ್ಟಿಗಿತ್ತು. ಸೋರಿಕೆ ಕೈಬೆರಳಿನಷ್ಟು ದಪ್ಪದ ನಾಲ್ಕಾರು ಧಾರೆ. ಮೇಲೆ ಬಂದು ಭೀಮಪ್ಪನಿಗೆ ಹೇಳಿದೆ, ಇದೊಂದು ಇರಲಿ ಎಂದು. "ಸಾಹೇಬ್ರ ಹೇಳಿದ ಮ್ಯಾಲ ನನಗೇನ್ರಿ, ಒಂದು ಮುಳುಗು ಕಡಿಮಿ ಆತು" ಎಂದು ಅವನು ಮೈ ಒರೆಸಿಕೊಂಡ.

ಆ ವರ್ಷದ ಬಿಸಿಲು ಬೇಗ ಬಂತು. ಶಿವರಾತ್ರಿ ಕಳೆದದ್ದೇ ತಡ, ಬಾನು ಬೆಳ್ಳಗಾಗಿ ನಿಂತಿತು. ಮುಧೋಳದ ಕಡೆಯಿಂದ ಕಬ್ಬು ಹೇರಿಕೊಂಡು ಓಡಾಡುತ್ತಿದ್ದ ಟ್ರ್ಯಾಕ್ಟರುಗಳು ಮುಗಿದು, ರಸ್ತೆಯ ಮೇಲೆ ಧೂಳು ಮಾತ್ರ ಉಳಿಯಿತು. ಹೊಳೆಯಲ್ಲಿ ಹರಿವೇ ನಿಂತುಹೋಯಿತು. ನಮ್ಮ ನೀರು ದಿನದಿನಕ್ಕೆ ದಂಡೆ ಬಿಟ್ಟು ಒಳಗೆ ಸರಿಯುತ್ತ, ಹಿಂದೆ ಬಿರುಕು ಬಿಟ್ಟ ಕೆಸರನ್ನು ಉಳಿಸುತ್ತಿತ್ತು. ಊರಿಗೆ ದಿನ ಬಿಟ್ಟು ದಿನ ಕೊಡುತ್ತಿದ್ದ ನೀರನ್ನು ವಾರಕ್ಕೊಮ್ಮೆ ಮಾಡಿದೆವು, ಆಮೇಲೆ ಅದೂ ತಪ್ಪತೊಡಗಿತು. ನಮ್ಮ ಓಣಿಯಲ್ಲಿ ನಳ ಬಿಡುವ ದಿನ ಮಗ್ಗ ನಿಲ್ಲಿಸಿ ಜನ ಕೊಡ ಹಿಡಿದು ಕೂರುತ್ತಿದ್ದರು. ನಾನು ಮನೆಯಿಂದ ಹೊರಗೆ ಬಂದರೆ ಮಾತು ನಿಲ್ಲುತ್ತಿತ್ತು. ನೀಲವ್ವನ ರೊಟ್ಟಿಯೂ ನಿಂತಿತು. ಸಿಟ್ಟಿಗಲ್ಲ, ಹಿಟ್ಟು ನಾದಲಿಕ್ಕೂ ನೀರು ಅಳೆದು ಬಳಸುವ ಕಾಲ ಅದು.

ಒಂದು ದಿನ ಮಧ್ಯಾಹ್ನ ಟೆಂಪೊ ತುಂಬ ಹೆಂಗಸರು ಖಾಲಿ ಕೊಡ ಹಿಡಿದು ಬ್ಯಾರೇಜಿಗೇ ಬಂದರು. ಮುಂದೆ ಇದ್ದವಳು ನೀಲವ್ವ. ಸುಮಂಗಲಾ ಅವರೂ ಆ ದಿನ ಮಡುವಿನ ಹತ್ತಿರ ಇದ್ದರು. ನೀಲವ್ವ ಗೇಟುಗಳ ಮೇಲಿನ ಕಟ್ಟೆಗುಂಟ ಸೀದಾ ನಡೆದು ಹೋಗಿ ಕೊನೆಯಲ್ಲಿ ನಿಂತು ಕೆಳಗೆ ನೋಡಿದಳು.

"ಇದೇನ್ರಿ ಸಾಹೇಬ್ರ? ನಮಗ ಕುಡ್ಯಾಕಿಲ್ಲ, ಇಲ್ಲಿ ಹೊಳಿಗಿ ಹರಿಬಿಟ್ಟೀರಲ್ಲ!"

ಅಷ್ಟರಲ್ಲಿ ಸುಮಂಗಲಾ ಮೇಲೆ ಬಂದರು. "ನೀಲವ್ವಾ, ಬಿಡಾಕ ಹೇಳಿದಾಕಿ ನಾನು. ಬಾ, ತೋರಸ್ತೇನಿ" ಎಂದು ಅವಳ ಕೈ ಹಿಡಿದು ಕೆಳಗಿಳಿಸಿದರು. ಉಳಿದ ಹೆಂಗಸರೂ ಇಳಿದರು. ಮಡು ಆಗಲೇ ಅರ್ಧಕ್ಕೆ ಬಂದಿತ್ತು. ಮೀನುಗಳು ಧಾರೆ ಬೀಳುವ ಜಾಗದಲ್ಲಿ ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿದ್ದವು. ಸುಮಂಗಲಾ ನನಗೆ ಹೇಳಿದ್ದನ್ನೇ ಅವಳಿಗೂ ಹೇಳಿದರು. ನೀಲವ್ವ ಸೆರಗು ಸಿಕ್ಕಿಸಿಕೊಂಡು ಬಗ್ಗಿ ಬಹಳ ಹೊತ್ತು ನೋಡಿದಳು.

"ಮೂಗು ಕೊಯ್ದಂಗ ಐತಲ್ಲಬೇ" ಎಂದಳು. ಆಮೇಲೆ ನೆಟ್ಟಗಾಗಿ ಸುಮಂಗಲಾ ಅವರ ಕಡೆ ತಿರುಗಿ, "ಸತ್ರ ಪಾಪ ಬರತೈತಿ, ಖರೆ. ಆದ್ರ ಬಾಯಾರ, ನನ್ನ ಸೊಸಿ ಹಸಿ ಬಾಣಂತಿ ಅದಾಳ. ಎರಿಯಾಕ ನೀರಿಲ್ಲ. ಬೋರಿನ ಸವಳ ನೀರು ಕುಡದು ಹೊಟ್ಟಿ ಕೆಡಿಸಿಕೊಂಡು ಮಲಗ್ಯಾಳ. ಕೂಸಿಗಿ ಹಾಲು ಸಾಲವಲ್ದು. ನಾ ಯಾರ ಪಾಪ ನೋಡ್ಲಿ ಹೇಳ್ರಿ."

ಕೊನೆಗೆ ನೀಲವ್ವನೇ ದಾರಿ ಮಾಡಿಕೊಟ್ಟಳು.

"ಮ್ಯಾಲಿಂದ ನೀರು ಬಿಡಸ್ತಾರಂತ ಸುದ್ದಿ ಐತೆಲ್ರಿ ಸಾಹೇಬ್ರ. ಬಂದ್ರ ಇವಕ್ಕೂ ಆತು, ನಮಗೂ ಆತು. ಅಲ್ಲೀತನಕ ಬಿಡ್ರಿ. ಬರಲಿಲ್ಲಂದ್ರ ಮತ್ತ ನಾ ಬರತೇನಿ ನೋಡ್ರಿ."

ಸುದ್ದಿ ನಿಜವಿತ್ತು. ಮೇಲಿನ ಅಣೆಕಟ್ಟಿನಿಂದ ಕುಡಿಯುವುದಕ್ಕೆಂದು ಒಂದಿಷ್ಟು ನೀರು ಬಿಡಲು ಒಪ್ಪಿದ್ದರು. ನಾವು ದಿನವೂ ಫೋನು ಮಾಡಿ, ಎಲ್ಲಿಗೆ ಬಂತು, ಎಲ್ಲಿಗೆ ಬಂತು ಎಂದು ಕೇಳುತ್ತಿದ್ದೆವು. ಇನ್ನೇನು ಒಂದು ದಿನದ ದಾರಿ ಎನ್ನುವಾಗ ನಾನೂ ಭೀಮಪ್ಪನೂ ಮೋಟಾರ್ ಸೈಕಲ್ ಹತ್ತಿ ದಂಡೆಗುಂಟ ಎದುರುಗೊಳ್ಳಲು ಹೊರಟೆವು. ಎರಡೂ ದಂಡೆಯಲ್ಲಿ ಸಾಲುಸಾಲಾಗಿ ಪಂಪ್‌ಸೆಟ್ಟುಗಳು ಹೊಳೆಗೆ ಬಾಯಿ ಹಾಕಿದ್ದವು. ಅಧಿಕಾರಿಗಳು ಕರೆಂಟು ತೆಗೆಸಿದ್ದಕ್ಕೆ ಜನ ಡೀಸೆಲ್ ಎಂಜಿನು ತಂದು ಹೂಡಿದ್ದರು. ಆ ಕಡೆ ಕಬ್ಬು ಸುಳಿ ಒಣಗಿ ನಿಂತಿತ್ತು. ಪೈಪು ಹಿಡಿದು ನಿಂತಿದ್ದ ಒಬ್ಬ ರೈತನಿಗೆ ಹೇಳಿದೆ, "ಕುಡಿಯೂ ನೀರ್ರೀ ಇದು." ಅವನು ಮುಖ ತಿರುಗಿಸದೆ, "ನಂದೂ ಕುಡೀತೈತಿ ನೋಡ್ರಿ" ಎಂದು ಬೆಳೆಯ ಕಡೆ ಕೈ ಮಾಡಿದ. ನೀರಿನ ತುದಿ ನಮಗೆ ಸಿಕ್ಕಿತು. ಮರಳಿನ ಮೇಲೆ ನಾಲಗೆಯಂತೆ ಒಂದಿಷ್ಟು ಮುಂದೆ ಬಂದು, ನೊರೆ ಬಿಟ್ಟು, ನಮ್ಮ ಕಣ್ಣ ಮುಂದೆಯೇ ಇಂಗಿಹೋಯಿತು. ಬ್ಯಾರೇಜಿನವರೆಗೆ ಬಂದದ್ದು ಹಸಿ ಮರಳು ಮಾತ್ರ.

ನೀಲವ್ವ ಮತ್ತೆ ಬರುವ ಮೊದಲೇ ನಮ್ಮ ಮೇಲಿನ ಸಾಹೇಬರು ಬಂದರು. ಒಳ್ಳೆಯ ಮನುಷ್ಯರು, ವಯಸ್ಸಾದವರು. ಕೊನೆಯ ಗೇಟಿನ ಹತ್ತಿರ ಕರೆದುಕೊಂಡು ಹೋಗಿ ನಾನೇ ಎಲ್ಲ ಹೇಳಿದೆ. ಸಿಟ್ಟಾಗಲಿಲ್ಲ. ಟೊಪ್ಪಿಗೆ ತೆಗೆದು ತಲೆಯ ಬೆವರೊರೆಸಿಕೊಂಡು, "ನನಗೂ ತಿಳೀತದಪಾ" ಎಂದರು. "ಆದ್ರ ನಾಳೆ ಊರಾಗ ವಾಂತಿಭೇದಿ ಎದ್ದು ನಾಕು ಮಂದಿ ಹೋದ್ರ, ನಾವು ಮೀನಾ ಉಳಿಸಿದ್ವಿ ಅಂತ ಹೇಳಾಕ ಬರ್ತದೇನು? ಇವತ್ತ ಮುಚ್ಚಸು."

ಭೀಮಪ್ಪ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ನೀರಿಗಿಳಿದು ಒಂದೊಂದೇ ಸಂದಿಗೆ ಮಣ್ಣು ತುರುಕಿದ. ಕಲ್ಲಿನ ಮೇಲೆ ಬೀಳುವ ನೀರಿನ ಸದ್ದು ಸಣ್ಣದಾಗುತ್ತ ಹೋಗಿ ನಿಂತಿತು. ಅದು ನಿಲ್ಲುವವರೆಗೆ ಅಷ್ಟು ದಿನ ಆ ಸದ್ದು ಕೇಳುತ್ತಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ.

ಸುಮಂಗಲಾ ಜಗಳವಾಡಲಿಲ್ಲ. ಮೀನುಗಳನ್ನು ಎತ್ತಿ ಬ್ಯಾರೇಜಿನ ಮೇಲ್ಬದಿಯ ನೀರಿಗೆ ಬಿಡೋಣ ಎಂದರು. ನಿಂತ ನೀರು ಅವಕ್ಕೆ ಒಗ್ಗುವುದಿಲ್ಲ ಎಂದು ಹೇಳಿದ್ದವರೂ ಅವರೇ. ಆದರೆ ಬೇರೆ ನೀರೆಲ್ಲಿತ್ತು? ಬಲೆ ಬೀಸುವ ಅಂಬಿಗರ ಯಮನಪ್ಪನನ್ನು ಕರೆಸಿದೆವು. ಅವನು ಬಂದು ಮಡುವಿನ ದಂಡೆಯಲ್ಲಿ ಬೀಡಿ ಹಚ್ಚಿ ಕೂತು, "ಇವು ಇಲ್ಲೇ ಸತ್ರ ಮಳಿಗಾಲದಾಗ ನಾ ಏನ ಹಿಡೀಲ್ರಿ? ನಡೀರಿ" ಎಂದು ಎದ್ದ. ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ನೀರು ತುಂಬಿ, ಅವನು ಬಲೆಯಲ್ಲಿ ಹಿಡಿದುಕೊಟ್ಟ ಮೀನುಗಳನ್ನು ಹಾಕಿ, ನಾನೂ ಭೀಮಪ್ಪನೂ ಕಟ್ಟೆಯ ಮೆಟ್ಟಿಲು ಹತ್ತಿಸಿದೆವು. ಮೊದಲ ಡ್ರಮ್ಮಿನ ಮೀನುಗಳನ್ನು ನೀರಿಗೆ ಬಿಟ್ಟಾಗ ಅವು ಒಂದು ಕ್ಷಣ ಮಗ್ಗುಲಾಗಿ ತೇಲಿ, ಆಮೇಲೆ ಬಾಲ ಬಡಿದು ಒಳಗೆ ಹೋದವು. ಸುಮಂಗಲಾ ನಕ್ಕರು. ಆ ಬೇಸಿಗೆಯಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಎರಡು ದಿನ ಬಿಟ್ಟು ನೋಡಿದರೆ, ಪಂಪಿನ ಬಾವಿಯ ಬಾಯಿಗೆ ಹಾಕಿದ ಕಬ್ಬಿಣದ ಜಾಳಿಗೆಗೆ ಅವು ಬಿಳಿ ಹೊಟ್ಟೆ ಮೇಲೆ ಮಾಡಿ ಅಂಟಿಕೊಂಡಿದ್ದವು. ಬಿಸಿ ನೀರು, ಹರಿವಿಲ್ಲ, ಕೆಸರು. ತೆಗೆದು ಹಾಕುವಷ್ಟರಲ್ಲಿ ಊರಿನಿಂದ ದೂರು ಬಂತು, ನಳದ ನೀರು ನಾರುತ್ತಿದೆ ಎಂದು. ಸಾಹೇಬರು ಫೋನಿನಲ್ಲಿ ಇಷ್ಟೇ ಹೇಳಿದರು: "ಇನ್ನ ಆ ಮೀನಿನ ತಂಟೇಕ ಹೋಗಬ್ಯಾಡ." ಮಡುವಿನಲ್ಲಿ ಬಲೆಗೆ ಸಿಗದೆ ಉಳಿದವನ್ನು ಹಾಗೇ ಬಿಟ್ಟೆವು. ಸುಮಂಗಲಾ ಕಬ್ಬಿನ ಗದ್ದೆಯವರಿಂದ ರವದಿ, ಎಂದರೆ ಕಬ್ಬಿನ ಒಣ ಗರಿ, ಬೇಡಿ ತಂದರು. ಭೀಮಪ್ಪ ಬಿದಿರು ಅಡ್ಡ ಕಟ್ಟಿ ಮಡುವಿನ ಮೇಲೆ ಅದನ್ನು ಹರಡಿ ನೆರಳು ಮಾಡಿದ. ಮೀನು ಉಳಿಸುವುದಕ್ಕೆ ನಾವು ಮೂವರು ಮಾಡಬಹುದಾದದ್ದು ಅಷ್ಟೇ ಉಳಿದಿತ್ತು. ದಿನಕ್ಕೊಂದೆರಡು ತೇಲುತ್ತಿದ್ದವು. ಕಾಗೆಗಳಿಗೆ ದಾರಿ ಗೊತ್ತಾಯಿತು.

ಜೂನಿನಲ್ಲಿ ಮಿರಗದ ಮಳೆ ಹುಟ್ಟಿತು. ಮೊದಲು ನಮ್ಮ ಮೇಲೇ ಸುರಿದು, ಬ್ಯಾರೇಜಿನ ಕೆಳಗೆ ಕೂಡುವ ಹಳ್ಳ ಹರಿದು, ಮಡು ತುಂಬಿ ಕಲ್ಲಿನ ಮೇಲೆ ಉಕ್ಕಿತು. ಮರುದಿನ ಮೇಲಿನಿಂದ ಹೊಳೆಗೇ ಹೊಸ ನೀರು ಬಂತು. ಕೆಂಪಗೆ, ಕಸಕಡ್ಡಿ ಹೊತ್ತು, ಸಣ್ಣಗೆ ಸದ್ದು ಮಾಡುತ್ತ ಬಂತು. ಭೀಮಪ್ಪ ಅದಕ್ಕೆ ಕೈಮುಗಿದ. ಬೇರೆ ವರ್ಷಗಳಲ್ಲಿ ಈ ಹೊತ್ತಿಗೆ ಹಲಗೆ ಎತ್ತಲು ಶುರು ಮಾಡುತ್ತಿದ್ದೆವು. ಆ ವರ್ಷ ಸಾಹೇಬರ ಆಜ್ಞೆ ಬೇರೆ ಇತ್ತು. ಬಾವಿಗೆ ನೀರು ಭರ್ತಿಯಾಗುವ ತನಕ ಒಂದು ಹಲಗೆಯನ್ನೂ ಎತ್ತಕೂಡದು. ಈ ನೀರು ಬಂದಷ್ಟೇ ಬಂದು ನಿಂತರೆ ಊರ ಗತಿ ಏನು? ಅದೂ ಸರಿಯೇ.

ನೀರು ಹಲಗೆಗಳ ಹಿಂದೆ ಏರತೊಡಗಿತು. ಭಾರ ಬಿದ್ದು, ಒಣಗಿ ಬಿರಿದಿದ್ದ ಮಣ್ಣು ಕಿತ್ತುಹೋಗಿ, ಎಲ್ಲ ಸಂದಿಗಳಿಂದ ನೀರು ಚಿಮ್ಮಿತು. ಆಗ ಭೀಮಪ್ಪ ಕೂಗಿದ. ಓಡಿ ಹೋಗಿ ಬಗ್ಗಿ ನೋಡಿದೆ. ಮಡುವಿನಲ್ಲಿ ಉಳಿದಿದ್ದ ನಕಟಾಗಳು, ಕೆಳಗಿನಿಂದ ಹಳ್ಳದ ನೀರು ಹಿಡಿದು ಬಂದ ಬೇರೆ ಮೀನುಗಳು, ಎಲ್ಲವೂ ಗೇಟಿನ ಬುಡದಲ್ಲಿ ನೆರೆದಿದ್ದವು. ಚಿಮ್ಮುವ ಧಾರೆಗೆ ಎದುರಾಗಿ ಜಿಗಿಯುವುದು, ಹಲಗೆಗೆ ಬಡಿದು ಬೀಳುವುದು, ಮತ್ತೆ ಜಿಗಿಯುವುದು. ಆ ಕೊಯ್ದ ಮೂಗಿನಿಂದಲೇ ಹಲಗೆಯನ್ನು ಗುದ್ದುತ್ತಿದ್ದವು. ಕಟ್ಟೆಯ ಮೇಲೆ ನಿಂತ ನಮ್ಮ ಅಂಗಾಲಿಗೆ ಆ ಪೆಟ್ಟು ಗೊತ್ತಾಗುತ್ತಿತ್ತೋ ಏನೋ, ನನಗಂತೂ ಗೊತ್ತಾದ ಹಾಗಾಯಿತು.

"ಒಂದ ಗೇಟ್ ಎತ್ತೂಣೇನ್ರಿ ಸಾಹೇಬ್ರ?" ಭೀಮಪ್ಪ ಕೇಳಿದ. "ಬೀರಪ್ಪನಾಣಿ, ಯಾರಿಗೂ ಹೇಳೂದಿಲ್ಲ."

ಪಂಪಿನ ಮನೆಗೆ ಹೋಗಿ ಸಾಹೇಬರಿಗೆ ಫೋನು ಹಚ್ಚಿದೆ. ಅರ್ಧ ದಿನ, ಒಂದೇ ಗೇಟು ಎಂದೆ. ಅವರು ಕೇಳಿಸಿಕೊಂಡರು. "ಬಾವಿ ತುಂಬೇತೇನು?" ಎಂದರು. ಇಲ್ಲ ಎಂದೆ. ನಾನು ಫೋನು ಇಟ್ಟು ಹೊರಗೆ ಬಂದು ಭೀಮಪ್ಪನಿಗೆ ಬೇಡ ಎಂದು ಕೈಯಾಡಿಸಿದೆ.

ಅಷ್ಟರಲ್ಲಿ ಸುದ್ದಿ ಹಬ್ಬಿ ಜನ ಬಂದಿದ್ದರು. ಬುಟ್ಟಿ, ಸೊಳ್ಳೆಪರದೆ, ಹಳೆಯ ಸೀರೆ, ಕೈಗೆ ಸಿಕ್ಕದ್ದು ಹಿಡಿದು ಗೇಟಿನ ಬುಡಕ್ಕೆ ಇಳಿದರು. ಸುಮಂಗಲಾ ಮೊಣಕಾಲುದ್ದ ನೀರಿನಲ್ಲಿ ಎರಡೂ ಕೈ ಅಗಲಿಸಿ ನಿಂತು, "ಬಿಡ್ರಿ ಯಣ್ಣಾ, ಮೊಟ್ಟಿ ತುಂಬ್ಯಾವ ಅವಕ್ಕ, ಇವತ್ತೊಂದಿನ ಬಿಡ್ರಿ" ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದರು. ಜನ ಅವರ ಪಕ್ಕದಿಂದ ಹಾಯ್ದು ಮುಂದೆ ಹೋದರು. ಯಮನಪ್ಪ ಬಲೆ ಹೆಗಲ ಮೇಲಿಟ್ಟುಕೊಂಡು ಅವರ ಮುಂದೆ ನಿಂತ.

"ಬಾಯಾರ, ಮೀನಾ ಹಿಡದು ಮಾರಿ ನಾಕು ತಿಂಗಳಾತ್ರಿ. ನಾ ಬಿಟ್ರ ಇವರೇನು ಬಿಡ್ತಾರೇನ್ರಿ?"

ಅವರು ಕೈ ಇಳಿಸಿದರು. ಅವನು ಬಲೆ ಬೀಸಿದ.

ಬಾವಿ ಭರ್ತಿಯಾಗಿ ನಾವು ಹಲಗೆ ಎತ್ತುವ ಹೊತ್ತಿಗೆ ಗೇಟಿನ ಬುಡದಲ್ಲಿ ಜಿಗಿಯುವುದಕ್ಕೆ ಯಾವುದೂ ಉಳಿದಿರಲಿಲ್ಲ. ಮರುವರ್ಷ ನನಗೆ ವರ್ಗವಾಯಿತು. ಸುಮಂಗಲಾ ಬಹಳ ವರ್ಷ ಆ ದಂಡೆಯ ಮೇಲೆ ಓಡಾಡಿದರೆಂದೂ, ನಕಟಾ ಮತ್ತೆ ಅವರ ಕಣ್ಣಿಗೆ ಬೀಳಲಿಲ್ಲವೆಂದೂ ಭೀಮಪ್ಪ ಒಮ್ಮೆ ಸಿಕ್ಕಾಗ ಹೇಳಿದ. ಬೇರೆ ಎಲ್ಲಾದರೂ ಇದ್ದಾವು. ಇರಲಿ ಎಂದು ಅಂದುಕೊಳ್ಳುತ್ತೇನೆ.

ಆದರೆ ನನ್ನ ಮನಸ್ಸು ನಿಲ್ಲುವುದು ಜನ ಮೀನು ಹಿಡಿದ ಆ ದಿನದ ಸಂಜೆಯಲ್ಲಿ. ಪಂಪು ಹಚ್ಚಿ, ನೀರು ಊರು ಮುಟ್ಟಿದ ಸುದ್ದಿ ಬಂದ ಮೇಲೆ ಮನೆಗೆ ಹೊರಟೆ. ಬನಹಟ್ಟಿಯ ಓಣಿಗಳಲ್ಲಿ ಹಬ್ಬ ಬಂದ ಹಾಗಿತ್ತು. ಎಲ್ಲ ನಳಗಳಲ್ಲೂ ಕೆಂಪು ನೀರು. ಕೊಡ, ಹಂಡೆ, ಬೋಗುಣಿ, ಕೂಸಿನ ತೊಟ್ಟಿಲ ಪಕ್ಕದ ಚರಿಗೆಯವರೆಗೂ ತುಂಬುತ್ತಿದ್ದರು. ನೀಲವ್ವ ಅಡ್ಡ ಬಂದು ನನ್ನ ಕೈಯಲ್ಲಿ ಒಂದು ಹಿಡಿ ಸಕ್ಕರೆ ಹಾಕಿದಳು. "ಸಾಹೇಬ್ರ, ನೀರು ಬಂದಾವ್ರಿ! ಸೊಸಿಗಿ ತಲಿತುಂಬ ಎರದೆ ಇವತ್ತ. ತಿನ್ರಿ, ಬಾಯಾಗ ಹಾಕ್ಕೋರಿ." ಅವಳ ಮುಖ ನೋಡುತ್ತ ಸಕ್ಕರೆ ತಿಂದೆ. ಸಿಹಿಯಾಗಿಯೇ ಇತ್ತು.

ಅಲ್ಲಿಂದ ಹಿಂದಿನ ಓಣಿಗೆ ಹೋದೆ. ಸುಮಂಗಲಾ ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದರು. ಸೀರೆ ಮೊಣಕಾಲಿನವರೆಗೆ ಕೆಸರಾಗಿತ್ತು. ಪಕ್ಕದ ಜಗಲಿಯ ಮೇಲೆ ಹಸಿ ಬಟ್ಟೆಯಲ್ಲಿ ಒಂದು ನಕಟಾ ಇತ್ತು. ಜನರ ಕಾಲಡಿಯಿಂದ ಎತ್ತಿಕೊಂಡು ಬಂದದ್ದಂತೆ. ಸತ್ತಿತ್ತು. ಹೊಟ್ಟೆಯ ಅಡಿಯಲ್ಲಿ ಹಳದಿ ಮೊಟ್ಟೆಗಳು ಬಟ್ಟೆಗೆ ಅಂಟಿದ್ದವು. ನನ್ನನ್ನು ನೋಡಿ ಸುಮಂಗಲಾ ಹೇಳಿದರು.

"ಬರೂದ್ರಾಗ ಇನ್ನೂ ಮಿಸುಕಾಡಾಕತ್ತಿತ್ರಿ ಸರ್. ಒಂದು ಬಕೀಟ್ ನೀರಾಗ ಹಾಕೂಣು ಅಂತ ಓಡಿ ಬಂದೆ. ಬಂದ್ರ ನಳಾ ಬಿಟ್ಟಿದ್ರು. ಅವ್ವ ಒಬ್ಬಾಕಿನ ಕೊಡಾ ಎತ್ತಾಕತ್ತಿದ್ಲು. ಇದನ್ನ ಇಲ್ಲಿಟ್ಟು ನಾನೂ ತುಂಬಾಕ ನಿಂತೆ. ಎಲ್ಲಾ ತುಂಬಿದ ಮ್ಯಾಲ ಇದರ ನೆನಪಾತು."

ನಾನು ಅವರ ಪಕ್ಕದ ಮೆಟ್ಟಿಲ ಮೇಲೆ ಕೂತೆ. ಓಣಿಯ ತುಂಬ ನೀರು ಬೀಳುವ ಸದ್ದು. ಅವರು ಕೇಳಿದರು.

"ನಿಮ್ಮ ಖೋಲ್ಯಾಗ ತುಂಬೀರೇನ್ರಿ?"

"ಇಲ್ರಿ. ಇನ್ನೂ ಹೋಗಿಲ್ಲ."

"ಹೋಗ್ರಿ ಸರ್. ನಳಾ ನಿಂತೀತು."

ನಾನು ಎದ್ದು ಹೋಗಿ ತುಂಬಿಕೊಂಡೆ.